ಕೆಂಡಲ್ ಸ್ಕ್ವೇರ್‌ನಲ್ಲಿ ನಮಗ್ಯಾರು ಗೊತ್ತು ಅಂದಿರಲ್ಲ

ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನೆಗೆ) ಅಂತ ಬಾಸ್ಟನ್‌ಗೆ ಬಂದಿದ್ದೀರಿ. ಗೆಳತಿ ಜೊತೆ ಸೇರಿ ರೋಗಪತ್ತೆ ಕಿಟ್‌ನ ಕಂಪನಿ ಶುರು ಮಾಡುವ ಆಸೆ. ಕೈಯಲ್ಲಿ ದುಡ್ಡಿಲ್ಲ, ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್ ಊರಲ್ಲಿ ಬಯೋಟೆಕ್ ಕಂಪನಿಗಳೆಲ್ಲ ಸೇರಿರುವ ಕೆಂಡಲ್ ಸ್ಕ್ವೇರ್‌ನಲ್ಲಿ ಪರಿಚಯದವರಿಲ್ಲ, ಏನು ಮಾಡಲಿ ಅಕ್ಕಾ ಅಂತ ಕೇಳಿದ್ದೀರಿ.

ಮೊದಲು ವೀಸಾ ನೋಡಿಕೊಳ್ಳಿ, ಉಳಿದದ್ದು ಆಮೇಲೆ. ಎಚ್-1ಬಿ ಅನ್ನುವ ಕೆಲಸದ ವೀಸಾ ಇದ್ದರೆ ಕಂಪನಿಯ ಷೇರು ಇಟ್ಟುಕೊಳ್ಳಬಹುದು, ಆದರೆ ಆ ಕಂಪನಿಗೆ ಕೆಲಸ ಮಾಡಲು ಬೇರೆ ಅನುಮತಿ ಬೇಕು. ರಾತ್ರಿ ಹೊತ್ತು ಸುಮ್ನೆ ಮಾಡ್ತೀನಿ ಅಂದರೂ ಅದು ಕೆಲಸವೇ. ಸರ್ಕಾರದ ಎಸ್‌ಬಿಐಆರ್ ಅನುದಾನ, ಅಂದರೆ ಸಣ್ಣ ಕಂಪನಿಗಳ ಸಂಶೋಧನೆಗೆ ಕೊಡುವ ಹಣ, ಷೇರು ಕೇಳುವುದಿಲ್ಲ ನಿಜ. ಆದರೆ ಸಾಮಾನ್ಯವಾಗಿ ಕಂಪನಿಯ ಅರ್ಧಕ್ಕಿಂತ ಜಾಸ್ತಿ ಪಾಲು ಅಮೆರಿಕದ ಪ್ರಜೆಗಳ ಅಥವಾ ಗ್ರೀನ್ ಕಾರ್ಡ್ ಇರುವವರ ಕೈಯಲ್ಲಿರಬೇಕು. ನಿಮ್ಮ ಗೆಳತಿಗೆ ಗ್ರೀನ್ ಕಾರ್ಡ್ ಇದೆಯಾ? ಇದ್ದರೆ ಪಾಲು ಹಂಚುವ ಮೊದಲೇ ವಕೀಲರ ಹತ್ತಿರ ಕೂತು ಮಾತಾಡಿ.

ಇನ್ನು ಲ್ಯಾಬ್. ಸ್ವಂತ ಜಾಗ ಬಾಡಿಗೆಗೆ ಹಿಡಿಯುವ ಯೋಚನೆ ಬಿಟ್ಟುಬಿಡಿ. ಮೇನ್ ಸ್ಟ್ರೀಟ್‌ನ 700ನೇ ನಂಬರಿನಲ್ಲಿ ಲ್ಯಾಬ್‌ಸೆಂಟ್ರಲ್ ಇದೆ, 2013ರಲ್ಲಿ ಶುರುವಾದದ್ದು. ಹೊಸ ಕಂಪನಿಗಳು ಹಂಚಿಕೊಂಡು ಬಳಸುವ ಲ್ಯಾಬ್ ಅದು. ಲಾಭಕ್ಕೆ ನಡೆಸುವ ಸಂಸ್ಥೆಯಲ್ಲ, ರಾಜ್ಯ ಸರ್ಕಾರದ ನೆರವೂ ಸಿಕ್ಕಿದೆ. ಒಂದೇ ಬೆಂಚ್ (ಪ್ರಯೋಗದ ಮೇಜು) ಹಿಡಿದು ಕೆಲಸ ಶುರು ಮಾಡಬಹುದು. ಉಪಕರಣಗಳನ್ನು ಹಬೆಯಲ್ಲಿ ಶುದ್ಧಮಾಡುವ ಆಟೋಕ್ಲೇವ್, ಮೈನಸ್ 80 ಡಿಗ್ರಿಯ ಫ್ರೀಜರ್ ಎಲ್ಲ ಹಂಚಿಕೊಂಡು ಬಳಸುವುದು. ಬೆಂಗಳೂರಲ್ಲಿ ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಅನ್ನುವ ಬಯೋಟೆಕ್ ಕೇಂದ್ರ ನೋಡಿದ್ದೀರಲ್ಲ, ಹೆಚ್ಚುಕಮ್ಮಿ ಅದೇ ಪದ್ಧತಿ. ಅರ್ಜಿ ಹಾಕಬೇಕು, ಆಯ್ಕೆಯಾಗಬೇಕು. ಬಾಡಿಗೆ ಅಗ್ಗವೇನಲ್ಲ.

ಆದರೆ ಅಲ್ಲಿ ಲ್ಯಾಬ್ ಪರವಾನಗಿಯ ತಲೆನೋವು ಕಮ್ಮಿ, ಅದು ದೊಡ್ಡ ವಿಷಯ. ಈ ಊರಿನ ನಿಯಮಗಳ ಹಿಂದೆ ಒಂದು ಕಥೆಯೂ ಇದೆ. ಕೇಂಬ್ರಿಡ್ಜ್ ಊರಿನವರು 1976ರಲ್ಲಿ ಜೀನ್ ಜೋಡಿಸುವ ಪ್ರಯೋಗಕ್ಕೆ ಹೆದರಿ ಗಲಾಟೆ ಎಬ್ಬಿಸಿದ್ದರು. ಮೇಯರ್ ಆಲ್ಫ್ರೆಡ್ ವೆಲುಚಿ ಅವರೇ ಮುಂದೆ ನಿಂತಿದ್ದರು. ಸಾಮಾನ್ಯ ನಾಗರಿಕರ ಸಮಿತಿ ಕೂತು ಎಲ್ಲ ಕೇಳಿ, 1977ರಲ್ಲಿ ನಗರಸಭೆ ನಿಯಮ ಮಾಡಿತು. ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ಸ್ಪಷ್ಟವಾಯಿತು. ಬಯೋಜೆನ್‌ನಂಥ ಬಯೋಟೆಕ್ ಕಂಪನಿಗಳು ಇಲ್ಲಿಗೆ ಬರಲು ಅದೂ ಒಂದು ಕಾರಣ. ಹೆದರಿದ ಊರೇ ಕೊನೆಗೆ ದಾರಿ ಮಾಡಿಕೊಟ್ಟಿತು, ತಮಾಷೆ ಅಲ್ವಾ?

ಪರಿಚಯದ ಮಾತಿಗೆ ಬರ್ತೀನಿ. ಹೊಸ ಉದ್ಯಮಿಗಳ ಕೂಟ ನಡೆಸುವ ವೆಂಚರ್ ಕೆಫೆಯವರು ಗುರುವಾರ ಸಂಜೆ ಎಲ್ಲರನ್ನೂ ಕರೀತಾರೆ, ಪುಕ್ಕಟೆ. ಒಂದೆರಡು ಸಲ ಹೋಗಿ ಬನ್ನಿ. ವಿಸಿಟಿಂಗ್ ಕಾರ್ಡ್ ಜಾಸ್ತಿ ಸಿಗುತ್ತೆ, ಕೆಲಸಕ್ಕೆ ಬರುವವರು ಕಮ್ಮಿ. ನಿಜವಾದ ನಂಟು ಹುಟ್ಟುವುದು ಪಕ್ಕದ ಬೆಂಚ್‌ನಲ್ಲಿ. ಶುಕ್ರವಾರ ಸಂಜೆ ನಿಮ್ಮ ಆಂಟಿಬಾಡಿ ಖಾಲಿಯಾಗುತ್ತೆ, ಪಕ್ಕದ ಕಂಪನಿಯವಳು ತನ್ನ ಡಬ್ಬಿಯಿಂದ ಒಂದು ಸಣ್ಣ ಟ್ಯೂಬ್ ತೆಗೆದುಕೊಡ್ತಾಳೆ. ಹಾಗೇ ಮಾತಿಗೆ ಮಾತು ಬೆಳೆದು, ಹೂಡಿಕೆ ಬಂದ ಮೇಲೆ ಫೀಸು ಕೊಟ್ಟರೆ ಸಾಕು ಅನ್ನುವ ವಕೀಲರು ಯಾರು, ಯಾವ ಹೂಡಿಕೆದಾರ ಬರೀ ಕಾಲಹರಣ ಮಾಡ್ತಾನೆ, ಎಲ್ಲ ಹೊರಗೆ ಬರುತ್ತೆ. ಇದು ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ.

ಮಾಸ್‌ಬಯೋ ಗೊತ್ತಿರಲಿ. ಇಲ್ಲಿನ ಬಯೋಟೆಕ್ ಕಂಪನಿಗಳ ಒಕ್ಕೂಟ, 1985ರಿಂದ ಇದೆ. ಸದಸ್ಯರೆಲ್ಲ ಒಟ್ಟಾಗಿ ಚೌಕಾಸಿ ಮಾಡುವುದರಿಂದ ಗ್ಲೌಸು, ಪಿಪೆಟ್ ಟಿಪ್ಪು, ಕೆಮಿಕಲ್ಲು ರಿಯಾಯಿತಿಗೆ ಸಿಗುತ್ತವೆ. ಸಣ್ಣ ಕಂಪನಿಗೆ ಇದು ಸಣ್ಣ ಉಳಿತಾಯವಲ್ಲ. ಎಳೆಯ ಕಂಪನಿಗಳನ್ನು ಅನುಭವಸ್ಥರ ಎದುರು ಕೂರಿಸುವ ಕಾರ್ಯಕ್ರಮವೂ ಅವರಲ್ಲಿದೆ. ಅಲ್ಲಿ ಖಾರವಾಗಿ ಪ್ರಶ್ನೆ ಕೇಳ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಪೇಟೆಂಟ್ ಅರ್ಜಿ ಹಾಕುವ ತನಕ ಎಲ್ಲೂ ತಂತ್ರದ ಒಳಗುಟ್ಟು ಬಿಚ್ಚಬೇಡಿ. ಬಹಿರಂಗವಾದ ಮೇಲೂ ಅಮೆರಿಕದಲ್ಲಿ ಅರ್ಜಿ ಹಾಕಲು ಒಂದು ವರ್ಷ ಗಡುವು ಇರುತ್ತೆ, ಯೂರೋಪಿನಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ. ಪೋಸ್ಟ್‌ಡಾಕ್‌ನಲ್ಲಿ ಕಂಡುಹಿಡಿದದ್ದು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಸ್ವತ್ತು. ಅವರ ಲೈಸೆನ್ಸಿಂಗ್ ಕಚೇರಿಗೆ ಈ ವಾರವೇ ಒಂದು ಮೇಲ್ ಹಾಕಿ. ಅವರು ಏನಂದರು ಅಂತ ನನಗೆ ಬರೆಯಿರಿ, ಮುಂದಿನದು ಆಗ ನೋಡೋಣ.