ಸ್ಪೈ ಆ್ಯಪ್ ಇಲ್ಲದೆಯೂ ನಾನು ಎಲ್ಲಿದ್ದೇನೆ ಅಂತ ಗಂಡನಿಗೆ ಹೇಗೆ ಗೊತ್ತಾಗುತ್ತದೆ?
ಸ್ಪೈ ಆ್ಯಪೇ ಬೇಕಾಗಿಲ್ಲ. ಜಾಸ್ತಿ ಬಳಕೆಯಾಗುವುದು ಮಾಮೂಲಿ ಸೌಲಭ್ಯಗಳೇ. ನಿಮ್ಮ ಗೂಗಲ್ ಪಾಸ್‌ವರ್ಡ್ ಗೊತ್ತಿದ್ದರೆ ಫೋನ್ ಎಲ್ಲಿದೆ ಅಂತ ನೋಡಬಹುದು, ಫೋನ್ ಒಂದೆರಡು ನಿಮಿಷ ಕೈಗೆ ಸಿಕ್ಕರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನಿಮ್ಮ ವಾಟ್ಸಾಪನ್ನು ತನ್ನ ಕಂಪ್ಯೂಟರಿನಲ್ಲಿ ಓದುತ್ತಾ ಕೂರಬಹುದು. ನಿಮ್ಮ ವಾಟ್ಸಾಪಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದರೆ ಅದು ಕಾಣುತ್ತದೆ. ಬ್ಯಾಗಿನಲ್ಲಿ ಬಚ್ಚಿಟ್ಟ ಏರ್‌ಟ್ಯಾಗ್ (ಎಲ್ಲಿದೆ ಅಂತ ತೋರಿಸುವ ಪುಟ್ಟ ಸಾಧನ) ಕೂಡ ಇರಬಹುದು.

'ಪ್ರೀತಿ ಇದ್ರೆ ಲೊಕೇಶನ್ ಯಾಕೆ ಆಫ್ ಮಾಡ್ತೀಯಾ?' ಅನ್ನುವ ಮಾತೇ, ನನ್ನ ಪ್ರಕಾರ, ಎಲ್ಲಕ್ಕಿಂತ ದೊಡ್ಡ ಆಯುಧ. ಪಾಸ್‌ವರ್ಡನ್ನು ನಾವೇ ಕೊಟ್ಟುಬಿಡುತ್ತೇವೆ ಅಲ್ವಾ?

ಇಂಥದ್ದೇನಾದರೂ ಕಂಡ ತಕ್ಷಣ ತೆಗೆದುಹಾಕಬೇಡಿ, ಹಿಡಿತ ತಪ್ಪಿತು ಅಂತ ಗೊತ್ತಾದರೆ ಹಿಂಸೆ ಹೆಚ್ಚಾಗಬಹುದು. ಮೊದಲು ನಂಬಿಕಸ್ಥರ ಫೋನಿನಿಂದ ಅದರ ಫೋಟೋ ತೆಗೆದಿಡಿ, ಸಹಾಯವನ್ನೂ ಆ ಫೋನಿನಿಂದಲೇ ಕೇಳಿ. ನಿಮ್ಮ ಫೋನಿನ ಸ್ಕ್ರೀನ್‌ಶಾಟ್ ತಾನಾಗಿಯೇ ಗಂಡನಿಗೂ ಸಿಂಕ್ ಆಗುತ್ತಿರಬಹುದು.