ಸಿದ್ದಿ, ಗೌಳಿ, ಹಾಲಕ್ಕಿ ಮಕ್ಕಳು ಒಂದೇ ಕೋಣೆಯಲ್ಲಿ, ನನಗೆ ಬರುವುದು ಕನ್ನಡ ಮಾತ್ರ. ಹೇಗೆ ಕಲಿಸಲಿ?

ಅಂಕೋಲಾ–ಯಲ್ಲಾಪುರ ಗಡಿಯ ಶಾಲೆಗೆ ವರ್ಗವಾಗಿ ಬಂದಿದ್ದೀರಿ, ಒಂದರಿಂದ ಮೂರನೇ ತರಗತಿ ಒಟ್ಟಿಗೆ ಕೂರುವ ನಲಿಕಲಿ ಕೋಣೆ, ಉತ್ತರ ಕನ್ನಡದ ಈ ಮೂರು ಸಮುದಾಯದ ಮಕ್ಕಳ ಮನೆ ಮಾತು ಮೂರು ತೆರ. ವಾರ್ಷಿಕೋತ್ಸವಕ್ಕೆ ಅವರವರ ಕುಣಿತ ಮಾಡಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಅಕ್ಕೋರೇ. ಮನೆ ಮಾತು ದಿನದ ಓದು-ಲೆಕ್ಕದೊಳಗೆ ಬರಬೇಕು. ಅದಕ್ಕೆ ನಿಮಗೆ ಆ ಭಾಷೆ ಪೂರ್ತಿ ಬರಬೇಕೆಂದೇನಿಲ್ಲ.

ಮೊದಲ ಎರಡು ವಾರ ಯಾರ ಮನೆಯಲ್ಲಿ ಯಾವ ಮಾತು ಎಂದು ತಿಳಿದುಕೊಳ್ಳಿ. ದಾಖಲಾತಿಯ ಮಾತೃಭಾಷೆ ಕಲಂ ನೆಚ್ಚಬೇಡಿ, ಜಾತಿ ಕಲಂ ಕೂಡ. ಉತ್ತರ ಕನ್ನಡದ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ, ಹಾಲಕ್ಕಿಗಳೂ ಗೌಳಿಗಳೂ ಇಲ್ಲ. ಮಗುವಿನ ತೊಡಕು ಪಟ್ಟಿ ನೋಡಿ ಬರುವುದಲ್ಲ. ‘ಅಜ್ಜಿ ಬೈಯುವುದು ಯಾವ ಮಾತಲ್ಲಿ?’ ಎಂದು ಕೇಳಿ, ಸರಿಯಾದ ಉತ್ತರ ಬರುತ್ತದೆ. ಆಮೇಲೆ ದಿನಾ ಬೇಕಾಗುವ ನಲವತ್ತು ಮಾತನ್ನು ಅವರ ಮನೆ ನುಡಿಯಲ್ಲಿ ಏನೆನ್ನುತ್ತಾರೆ ಎಂದು ಬರೆದುಕೊಳ್ಳಿ: ನೀರು, ಹೊಟ್ಟೆನೋವು, ಹೊರಗೆ ಹೋಗಬೇಕು, ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ, ಇಂಥವು. ಕನ್ನಡ ಲಿಪಿಯಲ್ಲೇ ಸಾಕು. ಒಬ್ಬ ತಾಯಿಯ ಹತ್ತಿರ ಓದಿ ತಿದ್ದಿಸಿಕೊಳ್ಳಿ.

ಈಗ ತಪ್ಪುಗಳ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಎಷ್ಟೋ ಮಕ್ಕಳಿಗೆ ‘ದಡ್ಡ’ ಎಂಬ ಹೆಸರು ಬೀಳುವುದು ಇಲ್ಲೇ. ಸಿದ್ದಿಯರ ಮನೆ ಮಾತು ಹೆಚ್ಚಾಗಿ ಕೊಂಕಣಿಯ ಒಂದು ರೂಪ, ಗೌಳಿಗಳದ್ದು ಮರಾಠಿಗೆ ಹತ್ತಿರ. ಅಲ್ಲಿ ಎ–ಏ, ಒ–ಓ ಎಂಬ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗುವುದಿಲ್ಲ. ಹಾಗಾಗಿ ಬೆಳೆ–ಬೇಳೆ, ಒಲೆ–ಓಲೆ ಆ ಮಗುವಿನ ಕಿವಿಗೆ ಒಂದೇ. ನೂರು ಸಲ ಕಾಪಿ ಬರೆಸಿದರೂ ಸರಿಹೋಗುವುದಿಲ್ಲ, ಏಕೆಂದರೆ ತೊಡಕು ಕೈಯಲ್ಲಿಲ್ಲ. ನೆಲದ ಮೇಲೆ ಒಂದು ಕಡೆ ಕೆರೆಯ ಚಿತ್ರ, ಇನ್ನೊಂದು ಕಡೆ ಕೇರೆ ಹಾವಿನ ಚಿತ್ರ ಬರೆಯಿರಿ. ನೀವು ಹೇಳಿದ್ದರ ಮೇಲೆ ಮಗು ಹಾರಿ ನಿಲ್ಲಬೇಕು. ದಿನಕ್ಕೊಂದು ಜೋಡಿ, ಐದು ನಿಮಿಷ. ಕಿವಿಗೆ ಬಿದ್ದ ಮೇಲೆ ಬರೆಸಿ. ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ, ಕಿವಿ ಮಂದವಿರುವ ಮಗುವಿಗೆ ನಿಮ್ಮ ತುಟಿ ಕಾಣಬೇಕು. ಮನೆ ಮಾತಲ್ಲಿ ಹಿಂದಿನಿಂದ ಕರೆದರೂ ತಿರುಗದ ಮಗುವಿದ್ದರೆ ಅದು ಭಾಷೆಯ ತೊಡಕಲ್ಲ, ಕಿವಿ ತಪಾಸಣೆ ಮಾಡಿಸಿ.

ಗೌಳಿ ಮಗು ‘ಬಸ್ ಬಂದ್ಲು’ ಎಂದರೆ ನಗಲು ಬಿಡಬೇಡಿ. ಮರಾಠಿಯಲ್ಲಿ ಬಸ್ ಸ್ತ್ರೀಲಿಂಗ, ‘ಬಸ್ ಆಲೀ’. ಮಗು ತನ್ನ ಮನೆಯ ವ್ಯಾಕರಣವನ್ನು ಸರಿಯಾಗಿಯೇ ತಂದಿದೆ. ‘ಹೌದಾ, ಬಸ್ ಬಂತಾ?’ ಎಂದು ಸರಿ ರೂಪ ಕಿವಿಗೆ ಹಾಕಿ ಮುಂದೆ ಹೋಗಿ.

ಹಾಲಕ್ಕಿ ಮಕ್ಕಳದ್ದು ಕನ್ನಡದ್ದೇ ಒಳನುಡಿ, ಅದಕ್ಕೇ ಅದರ ಮೇಲೆ ಕೆಂಪು ಶಾಯಿ ಹೆಚ್ಚು ಬೀಳುತ್ತದೆ. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಇದೇ ಜನರ ಹಾಡುಗಳಿಗೆ. ಗೋಡೆಯ ಮೇಲೆ ಎರಡು ಸಾಲು ಮಾಡಿ, ‘ಮನೆ ಮಾತು’, ‘ಪುಸ್ತಕದ ಮಾತು’. ‘ತಪ್ಪು’ ಎಂಬ ಸಾಲು ಬೇಡ.

ವಾರಕ್ಕೊಮ್ಮೆ ಊರಿನ ಹಿರಿಯರೊಬ್ಬರಿಂದ ಹತ್ತು ನಿಮಿಷದ ಕಥೆ, ಅವರ ಮಾತಲ್ಲೇ. ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಐದಾರು ವಾಕ್ಯ ದೊಡ್ಡ ಹಾಳೆಗೆ ಇಳಿಸಿ. ಕನ್ನಡದಲ್ಲಿ ಅದನ್ನು ಹೇಳುವುದು ಮರುದಿನ. ಸಾಲು ಸಾಲಿಗೆ ಅನುವಾದ ಮಾಡುತ್ತ ಹೋದರೆ ಮಕ್ಕಳು ತಮಗೆ ಗೊತ್ತಿರುವ ಸಾಲಿಗಾಗಿ ಕಾದು ಕೂರುತ್ತಾರೆ, ಇನ್ನೊಂದಕ್ಕೆ ಕಿವಿ ಕೊಡುವುದಿಲ್ಲ.

ಲೆಕ್ಕಕ್ಕೆ ಸಿದ್ದಿ ಹೆಂಗಸರ ಕವಂದಿಗಿಂತ ಒಳ್ಳೆಯ ಸಾಮಾನು ನನಗೆ ಗೊತ್ತಿಲ್ಲ. ನಮ್ಮ ಕೌದಿಯ ಹಾಗೇ, ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಹೊದಿಕೆ. ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ‘ಫುಲ’ ಇಡುತ್ತಾರೆ. ಒಬ್ಬ ತಾಯಿಯನ್ನು ಕರೆದು ಅರ್ಧ ಹೊಲಿದ ಕವಂದಿಯನ್ನೇ ತರಲು ಹೇಳಿ, ಮುಗಿದದ್ದರಲ್ಲಿ ಕೆಲಸದ ಕ್ರಮ ಕಾಣುವುದಿಲ್ಲ. ಮಕ್ಕಳಿಗೆ ಸೂಜಿ ಬೇಡ. ಒಂದು ಅಡಿ ಚೌಕದ ರಟ್ಟು, ಬಟ್ಟೆ ತುಂಡು, ಗೋಂದು ಸಾಕು. ಮೂರನೆಯವರು ಸುತ್ತಳತೆ ತೆಗೆಯಲಿ, ಎರಡನೆಯವರು ಅರ್ಧ-ಕಾಲು ನೋಡಲಿ, ಒಂದನೆಯವರು ತುಂಡು ಎಣಿಸಲಿ. ಕಣ್ಣು ಮಂದವಿರುವ ಮಗುವಿಗೆ ಒರಟು, ನುಣುಪು ಬಟ್ಟೆ ಬೇರೆ ಬೇರೆ ಕೊಟ್ಟರೆ ಅದೂ ಬೆರಳಲ್ಲೇ ಎಣಿಸುತ್ತದೆ.

‘ಸಿದ್ದಿಯರು ಆಫ್ರಿಕಾದಿಂದ ಬಂದವರು’ ಎಂದು ಹೇಳುತ್ತ ಒಂದು ಮಗುವನ್ನು ಎದ್ದು ನಿಲ್ಲಿಸಬೇಡಿ, ಅದರ ಕೂದಲು ಮುಟ್ಟಲು ಯಾರಿಗೂ ಬಿಡಬೇಡಿ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ, ‘ಸಿದ್ದಿ ಹಬ್ಬ’ ಎಂದು ಒಂದನ್ನೇ ಬರೆಸಬೇಡಿ. ಹಾಲಕ್ಕಿಗಳ ಸುಗ್ಗಿ ಕುಣಿತ ಹೋಳಿಯ ಹೊತ್ತಿನದು, ಅದಕ್ಕೆ ಕಟ್ಟುಕಟ್ಟಳೆ ಇದೆ. ಡಿಸೆಂಬರಿನ ವೇದಿಕೆಗೆ ಕುಣಿತದ ತಲೆಯುಡುಗೆಯಾದ ತುರಾಯಿ ಕಟ್ಟಿಸುವ ಮೊದಲು ಕೊಪ್ಪದ, ಅಂದರೆ ಹಾಲಕ್ಕಿ ಕೇರಿಯ, ಹಿರಿಯ ಗೌಡರನ್ನು ಕೇಳಿ. ಬೇಡ ಎಂದರೆ ಬೇಡ.

ಪರಿಸರ ಅಧ್ಯಯನದ ಪ್ರಶ್ನೆಗೆ ಮಗು ಮನೆ ಮಾತಲ್ಲಿ ಬಾಯಿಮಾತಿನ ಉತ್ತರ ಕೊಟ್ಟರೂ ಪೂರ್ತಿ ಅಂಕ ಕೊಡಿ. ಕನ್ನಡದ ಅಳತೆ ಕನ್ನಡದ ಪಾಠದಲ್ಲಿ ಆಗಲಿ.