ಮನೆಯಲ್ಲೇ ಕೂತು ಬರೀ ಕೇಳಿಸಿಕೊಳ್ಳುವುದು ಹೋರಾಟವಾಗುತ್ತದಾ?

ಲಾಕ್‌ಡೌನ್‌ನಂಥ ಹೊತ್ತಲ್ಲಿ ಬೀದಿಗಿಳಿಯಲು ಆಗದವರು ಫೋನಿನಲ್ಲಿ ಜನರ ಕಷ್ಟ ಕೇಳಿದರೆ ಅದು ರಾಜಕೀಯ ಹೇಗಾಗುತ್ತದೆ, ಬರೀ ಸಮಾಧಾನ ಅಲ್ವಾ ಎಂದು ಕೇಳಿದ್ದೀರಿ. ಆಗುತ್ತದೆ. ಆದರೆ ಕೇಳಿದ್ದನ್ನು ಬರೆದಿಡಬೇಕು. ಬರೆದದ್ದನ್ನು ಅಧಿಕಾರದಲ್ಲಿ ಇರುವವರ ಮುಂದಿಡಬೇಕು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದ ಮೇಲೆ, ಬೆಂಗಳೂರಿನ ಲೇಬರ್ ಶೆಡ್‌ಗಳಲ್ಲಿ ಸಿಕ್ಕಿಬಿದ್ದವರ ಕರೆಗಳನ್ನು ನಾವು ಕೆಲವು ಗೆಳೆಯರು ತೆಗೆದುಕೊಳ್ಳುತ್ತಿದ್ದೆವು. ಮೊದಲು ಕೇಳುತ್ತಿದ್ದುದು ರೇಷನ್ ಎಷ್ಟು ದಿನಕ್ಕಿದೆ ಅಂತ. ಅವರು ಉತ್ತರ ಹೇಳಿದ ಮೇಲೂ ಫೋನ್ ಇಡದೆ ಸುಮ್ನೆ ಕಾದರೆ, ನಿಜವಾದ ಮಾತು ಆಗ ಬರುತ್ತಿತ್ತು. ಕಾಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಹಳೇ ಕೂಲಿ ಬಾಕಿಯಿದೆ. ಕರೆನ್ಸಿ ಮುಗಿಯುತ್ತಾ ಬಂತು. ಹೇಗಾದರೂ ಊರಿಗೆ ಕಳಿಸಿ. ಅಕ್ಕಿ-ಬೇಳೆಯ ಕಿಟ್ ಕೊಟ್ಟು ಕೈತೊಳೆದುಕೊಂಡಿದ್ದರೆ ಈ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವರು ಕೇಳುತ್ತಿದ್ದುದು ತಾವು ದುಡಿದ ದುಡ್ಡನ್ನು.

ಇದೇ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದು ಸ್ಟ್ರ್ಯಾಂಡೆಡ್ ವರ್ಕರ್ಸ್ ಆ್ಯಕ್ಷನ್ ನೆಟ್‌ವರ್ಕ್ ಎಂಬ ಸ್ವಯಂಸೇವಕರ ಬಳಗ. ಏಪ್ರಿಲ್ ಮಧ್ಯದಲ್ಲಿ ಅದರ ಮೊದಲ ವರದಿ ಬಂತು. ಫೋನಿನಲ್ಲಿ ತಲುಪಿದ 11,000ಕ್ಕೂ ಹೆಚ್ಚು ಕಾರ್ಮಿಕರಲ್ಲಿ ಶೇ. 96ರಷ್ಟು ಮಂದಿಗೆ ಸರ್ಕಾರದ ರೇಷನ್ ಸಿಕ್ಕಿರಲಿಲ್ಲ. ಎಲ್ಲರಿಗೂ ಊಟ ತಲುಪುತ್ತಿದೆ ಎನ್ನುವ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಾ?

ಮೇ ಮೊದಲ ವಾರ ಕರ್ನಾಟಕ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ಮಾಡಿದ ಬೆನ್ನಿಗೇ ಕಾರ್ಮಿಕರ ರೈಲುಗಳು ಬೇಡ ಎಂದುಬಿಟ್ಟಿತು. ಈಗ ನೆನೆದರೂ ಸಿಟ್ಟು ಬರುತ್ತದೆ. ಊರಿಗೆ ಹೊರಟವರನ್ನು ಕೆಲಸಕ್ಕಾಗಿ ಹಿಡಿದಿಡುವುದು ಅಂದರೇನು? ಕಾರ್ಮಿಕ ಸಂಘಟನೆಗಳು, ವಕೀಲರು, ಪತ್ರಕರ್ತರು ಜೋರಾಗಿಯೇ ವಿರೋಧಿಸಿದರು. ಕೆಲವೇ ದಿನಗಳಲ್ಲಿ ರೈಲು ಮತ್ತೆ ಹೊರಟವು.

ಅದೇ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಕೇಂದ್ರ ಸರ್ಕಾರ, ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರ ಲೆಕ್ಕ ತನ್ನ ಬಳಿ ಇಲ್ಲ ಎಂದಿತು. ಬರೆದಿಡಿ ಎಂದು ನಾನು ಒತ್ತಿ ಹೇಳುತ್ತಿರುವುದು ಇದಕ್ಕೇ.

ನೀವೂ ಶುರು ಮಾಡುವುದಾದರೆ ತಾರೀಕು, ಜಾಗ, ಎಷ್ಟು ಜನ, ಎಷ್ಟು ಕೂಲಿ ಬಾಕಿ, ಕೊಡಬೇಕಾದವರು ಯಾರು ಎಂದು ಬರೆದುಕೊಳ್ಳಿ. ಹೆಸರು ಹೊರಗೆ ಹೇಳಬಹುದಾ ಎಂದು ಅವರನ್ನೇ ಕೇಳಿ, ಕಾಂಟ್ರಾಕ್ಟರ್‌ಗೆ ಗೊತ್ತಾದರೆ ಶೆಡ್ ಖಾಲಿ ಮಾಡಿಸುತ್ತಾನೆಂಬ ಭಯ ಜಾಸ್ತಿ ಇರುತ್ತದೆ. ಮಿಸ್ಡ್ ಕಾಲ್ ಕೊಡಲು ಹೇಳಿ, ನೀವೇ ವಾಪಸ್ ಫೋನ್ ಮಾಡಿ.